ಮುನಿಬೈರಪ್ಪನ ಮೂಲೆಯಲ್ಲಿ ಆಫೀಸು

ಬೂಟಿನ ಲೇಸು ಕಟ್ಟುವಾಗ ಗುರುಸಿದ್ದನಿಗೆ ದಿನಾ ಒಂಬತ್ತಕ್ಕೆ ಬರುತ್ತಿದ್ದ ಸಿಟ್ಟು ಇವತ್ತು ಎಂಟೂವರೆಗೇ ಬಂತು. ಎರಡನೇ ಮಹಡಿಯ ಮನೆಯಿಂದ ನೆಲಮಾಳಿಗೆಯ ಆಫೀಸಿಗೆ ಮೂವತ್ತೊಂಬತ್ತು ಮೆಟ್ಟಿಲು. ಅಷ್ಟು ದೂರಕ್ಕೆ ಬೂಟು ಬೇಕೆ, ಇಸ್ತ್ರಿ ಪ್ಯಾಂಟು ಬೇಕೆ, ಹೆಗಲಿಗೆ ಬ್ಯಾಗು ಬೇಕೆ ಎಂದು ಅನ್ನಪೂರ್ಣ ಜೂನ್ ತಿಂಗಳಲ್ಲಿ ಒಂದು ಸಲ ಕೇಳಿದ್ದಳು. ಆಮೇಲೆ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದು ಅವನಿಗೆ ಹೆಚ್ಚು ಜೋರಾಗಿ ಕೇಳಿಸುತ್ತಿತ್ತು. ಹದಿನೇಳು ವರ್ಷ ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಗೆರೆ ಎಳೆದವನನ್ನು ಎರಡು ವರ್ಷದ ಹಿಂದೆ ಸ್ವಯಂ ನಿವೃತ್ತಿ ಎಂಬ ಹೆಸರಿನಲ್ಲಿ ಹೊರಗೆಳೆದಿದ್ದರು. ಅದರಲ್ಲಿ ನಿವೃತ್ತಿ ಅವನದು, ಸ್ವಯಂ ಅವರದು. ಆಮೇಲೆ ಹಗಲು ಹೊತ್ತು ಮನೆಯಲ್ಲಿರುವ ಗಂಡಸು ಎಂದರೆ ಏನೆಂದು ಅವನಿಗೆ ತಿಳಿದದ್ದು. ಗ್ಯಾಸ್ ಸಿಲಿಂಡರಿನವನು ಅವನನ್ನು ನೋಡಿ, ಮೇಡಂ ಇಲ್ವಾ ಸಾರ್, ಎನ್ನುತ್ತಿದ್ದ. ಎದುರು ಮನೆಯ ಹೆಂಗಸು ಹಾಲಿನ ಕವರು ಎತ್ತಿಕೊಳ್ಳುತ್ತ, ಇವತ್ತೂ ರಜಾನಾ ಅಂಕಲ್, ಎನ್ನುತ್ತಿದ್ದಳು. ಆ 'ಊ' ಒಂದು ಗುಂಡುಸೂಜಿಯಷ್ಟೇ ದಪ್ಪ, ಆದರೆ ಇಡೀ ದಿನ ಚುಚ್ಚುತ್ತಿತ್ತು. ಆ ಚುಚ್ಚು ತಾಳದೆ ಈ ವರ್ಷ ಕೆಳಗಿನ ನೆಲಮಾಳಿಗೆ ಬಾಡಿಗೆಗೆ ಹಿಡಿದು, ಡ್ರಾಯಿಂಗ್ ಮಾಡಿಕೊಡುವ ಆಫೀಸು ತೆರೆದಿದ್ದ. ಅನ್ನಪೂರ್ಣಳ ತಮ್ಮ ಭೀಮರಾಯ ಇಲ್ಲೇ ಬೆಂಗಳೂರಿನ ಸಿದ್ದಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು, ಬಂದಾಗಲೆಲ್ಲ ಚಹಾ ಕುಡಿದು ಲೋಟ ಕೆಳಗಿಡುತ್ತ, "ಭಾವಾ, ಸುಮ್ನ ಮನ್ಯಾಗ ಕೂಡೋ ಬದ್ಲಿ ನಮ್ಮ ಅಂಗಡ್ಯಾಗ ಕೂಡ್ರಿ, ಫ್ಯಾನ್ ಐತಿ," ಎನ್ನುತ್ತಿದ್ದ. ಜೀವಮಾನವಿಡೀ ಮೂಲಪ್ರತಿ ಬರೆದವನು ಮುಂದಿನ ಜೀವಮಾನ ನಕಲು ತೆಗೆಯಬೇಕು, ಫ್ಯಾನಿನ ಕೆಳಗೆ. ದಸರೆ ಕಳೆದ ಮೇಲೆ ನೋಡೋಣ ಎಂದು ಗುರುಸಿದ್ದ ಹೇಳಿದ್ದ. ದಸರೆಗೆ ಇನ್ನು ಹತ್ತು ದಿನವೂ ಇರಲಿಲ್ಲ.

ಅದಕ್ಕೇ ಇವತ್ತಿನ ಹನ್ನೆರಡು ಗಂಟೆಯ ಭೇಟಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಫೀಸಿದ್ದ ಶಾಲಿನಿ ಮೇಡಂ ಎಂಬ ಆರ್ಕಿಟೆಕ್ಟ್ ಮೂರು ಅಪಾರ್ಟ್‌ಮೆಂಟುಗಳ ಡ್ರಾಯಿಂಗನ್ನು ಹೊರಗೆ ಕೊಡುವವರಿದ್ದರು. ಸಿಕ್ಕರೆ ಒಂದು ವರ್ಷದ ಕೆಲಸ. ಫೋನಿನಲ್ಲಿ ಆಕೆ ಅವನ ಅನುಭವ ಕೇಳಲಿಲ್ಲ, ಸ್ಕೇಲು ಕೇಳಲಿಲ್ಲ. "ಮನೇಲಿ ಕೂತು ಮಾಡೋರಿಗೆ ಕೊಟ್ಟು ಸಾಕಾಗಿದೆ ಮಿಸ್ಟರ್ ಗುರುಸಿದ್ದ. ಲಾಸ್ಟ್ ಟೈಮ್ ಒಬ್ರು ಬೆಡ್‌ರೂಮಲ್ಲಿ ಕಂಪ್ಯೂಟರ್ ಇಟ್ಕೊಂಡಿದ್ರು. ಶೀಟ್ ಮೇಲೆ ಎಣ್ಣೆ ಕಲೆ, ಒಗ್ಗರಣೆ ವಾಸನೆ. ನಿಮ್ಮದು ಪ್ರಾಪರ್ ಆಫೀಸ್ ತಾನೇ?" ಎಂದರು. "ಪ್ರಾಪರ್ ಆಫೀಸೇ ಮೇಡಂ." "ನಾನೇ ಬಂದು ನೋಡ್ತೀನಿ, ಬೇಜಾರಿಲ್ಲ ಅಲ್ವಾ?" ಬೇಜಾರು ಎಂಬ ಶಬ್ದ ಎಷ್ಟು ಸಣ್ಣದು ಎಂದು ಅವನಿಗೆ ಅನ್ನಿಸಿತ್ತು. ಆಕೆ ನಾಲ್ಕು ದಿನ ಹೇಳಿ ಯಾವುದು ಬೇಕೋ ಆರಿಸಿಕೊಳ್ಳಿ ಎಂದಾಗ, ಕ್ಯಾಲೆಂಡರಿನಲ್ಲಿ ಕೆಂಪಗೆ ಕಂಡ ದಿನವನ್ನು ಅವನೇ ಬೆರಳಿಟ್ಟು ತೋರಿಸಿದಂತೆ ಹೇಳಿದ್ದ: ಸರ್ಕಾರಿ ರಜೆ ಮೇಡಂ, ಟ್ರಾಫಿಕ್ ಇರಲ್ಲ. ಕೆಂಪು ಬಣ್ಣ ನೋಡಿದ್ದನೇ ಹೊರತು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಎಂದು ನೋಡಿರಲಿಲ್ಲ. ಹದಿನೇಳು ವರ್ಷ ಬೇರೆಯವರ ನಕ್ಷೆಗಳ ಸಣ್ಣ ಅಕ್ಷರದಲ್ಲಿ ತಪ್ಪು ಹುಡುಕಿದವನು.

ಮೂವತ್ತೊಂಬತ್ತನೇ ಮೆಟ್ಟಿಲು ಇಳಿದಾಗ ಆಫೀಸಿನ ಶಟರು ಆಗಲೇ ಮೇಲಿತ್ತು. ಮನೆ ಒಡೆಯನ ಹೆಂಡತಿ ನಾರಾಯಣಮ್ಮ ಸೀರೆ ಎತ್ತಿ ಸಿಕ್ಕಿಸಿ, ಬಕೆಟು ಪಕ್ಕಕ್ಕಿಟ್ಟು, ಕೈಯಲ್ಲಿ ಪೊರಕೆ ಹಿಡಿದು, ಪೊರಕೆಯನ್ನು ಆಡಿಸದೆ ನಿಂತಿದ್ದರು. ಅವರು ನೋಡುತ್ತಿದ್ದದ್ದು ಮೂಲೆಯನ್ನು. ಆ ಕ್ಷಣದಲ್ಲಿ ಗುರುಸಿದ್ದನಿಗೆ ಎರಡು ಸಂಗತಿ ಒಟ್ಟಿಗೆ ನೆನಪಾದವು: ಇವತ್ತು ಮಹಾಲಯ ಅಮಾವಾಸ್ಯೆ; ಮತ್ತು ತನ್ನ ಹದಿನೇಳು ಇಂಚಿನ ಮಾನಿಟರು, ಅದರ ಪಕ್ಕ ಸಿಪಿಯು, ಅದರ ಪಕ್ಕ ಯುಪಿಎಸ್, ಎಲ್ಲವೂ ಮುನಿಬೈರಪ್ಪನ ಮೇಲೆ ಕೂತಿವೆ.

ಮುನಿಬೈರಪ್ಪ ಎಂದರೆ ಒಡೆಯ ಚಿಕ್ಕಬೈರಪ್ಪನವರ ತಂದೆ. ಬಿಟಿಎಂ ಲೇಔಟಿಗೆ ಮೇನು, ಕ್ರಾಸು ಎಂಬ ಹೆಸರುಗಳು ಬರುವ ಮುಂಚೆ ಇಲ್ಲಿ ಅವರ ರಾಗಿ ಹೊಲವಿತ್ತು, ಹೊಲದ ಮೂಲೆಯಲ್ಲಿ ಅವರನ್ನು ಮಣ್ಣು ಮಾಡಿದ್ದರು. ಏಳು ವರ್ಷದ ಹಿಂದೆ ಬಿಲ್ಡಿಂಗು ಕಟ್ಟಲು ಪಾಯ ತೋಡಿದಾಗ ಎಲ್ಲ ಕಡೆ ತೋಡಿ ಆ ಮೂಲೆಯನ್ನು ಮಾತ್ರ ತೋಡದೆ ಬಿಟ್ಟರು. ಸುತ್ತಲಿನ ನೆಲ ಕೆಳಗೆ ಹೋಯಿತು, ಅಪ್ಪ ಮೇಲೆಯೇ ಉಳಿದರು. ಉಳಿದ ಮಣ್ಣಿನ ದಿಬ್ಬವನ್ನು ಚೌಕವಾಗಿ ಕೆತ್ತಿ, ಇಟ್ಟಿಗೆ ಸುತ್ತಿ, ಮೇಲೆ ಕರಿಕಲ್ಲು ಹಾಸಿ ಜಗಲಿ ಮಾಡಿದರು. ನೆಲಮಾಳಿಗೆಯ ಹಿಂದಿನ ಭಾಗಕ್ಕೆ ಗೋಡೆ, ಶಟರು ಹಾಕಿಸಿ ಬಾಡಿಗೆಗೆ ಕೊಡುವಾಗ ಚಿಕ್ಕಬೈರಪ್ಪ ಒಂದೇ ಕಂಡೀಷನ್ ಹೇಳಿದ್ದರು: "ವರ್ಸಕ್ಕೊಂದಿನ, ಮಾಳಯ ಅಮಾಸೆ ದಿನ, ಮಧ್ಯಾಹ್ನದ್ಗಂಟ ಜಾಗ ನಮ್ದು ಸಾರ್. ಎಡೆ ಇಕ್ಕಿ ಹೊಂಟೋಯ್ತೀವಿ. ಜಗಲಿ ಮೇಲೆ ಮಾತ್ರ ಏನೂ ಮಡಗಬ್ಯಾಡಿ." ಗುರುಸಿದ್ದ ಒಪ್ಪಿದ್ದ. ಆಗ ಅವನು ಏನನ್ನಾದರೂ ಒಪ್ಪುತ್ತಿದ್ದ. ಆದರೆ ಜುಲೈನಲ್ಲಿ ಯಾರೋ ಮೋಟರು ಆಫ್ ಮಾಡುವುದು ಮರೆತು, ಸಂಪು ತುಂಬಿ, ನೀರು ಪಾದ ಮುಳುಗುವಷ್ಟು ಬಂತು. ಇಡೀ ಆಫೀಸಿನಲ್ಲಿ ಒಣಗಿದ ಜಾಗವೆಂದರೆ ಸತ್ತವರದು. ಒಂದು ದಿನದ ಮಟ್ಟಿಗೆ ಎಂದುಕೊಂಡು ಕಂಪ್ಯೂಟರನ್ನು ಜಗಲಿಯ ಮೇಲೇರಿಸಿದ. ಒಂದು ದಿನದ ಮಟ್ಟಿಗೆ ಇಟ್ಟದ್ದು ಯಾವುದು ಈ ಊರಿನಲ್ಲಿ ಕೆಳಗಿಳಿದಿದೆ? ಅವನೇ ಒಂದು ದಿನದ ಮಟ್ಟಿಗೆ ಇಂಟರ್‌ವ್ಯೂಗೆ ಬಂದವನು. ಜಗಲಿಯ ಎತ್ತರ ಕೀಲಿಮಣೆಗೆ ಹೇಳಿ ಮಾಡಿಸಿದಂತಿತ್ತು. ದಿನಾ ಸ್ವಿಚ್ಚು ಒತ್ತುವ ಮುಂಚೆ ಮನಸ್ಸಿನಲ್ಲೇ, ಸಾರಿ ರೀ, ಎಂದುಕೊಳ್ಳುತ್ತಿದ್ದ. ಮೊದಮೊದಲು ನಿಜವಾಗಿ ಎಂದುಕೊಳ್ಳುತ್ತಿದ್ದ, ಆಮೇಲೆ ಪಾಸ್‌ವರ್ಡಿನ ಹಾಗೆ ಅದೊಂದು ಅಭ್ಯಾಸವಾಯಿತು. ಮಂಡಿನೋವಿನ ಚಿಕ್ಕಬೈರಪ್ಪ ಕೆಳಗೆ ಬರುವುದಿಲ್ಲ ಎಂಬ ಧೈರ್ಯವೂ ಇತ್ತು.

"ಏನ್ ಸಾರ್ ಇದು," ಎಂದರು ನಾರಾಯಣಮ್ಮ. ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ಅವನೂ ಏನಾದರೂ ಅನ್ನಬಹುದಿತ್ತು.

"ನೀರು ಬಂದಿತ್ತಲ್ಲಮ್ಮ, ಜುಲೈನಲ್ಲಿ... ಸ್ವಲ್ಪ ಎತ್ತರದ ಜಾಗ ಅಂತ..."

"ಜುಲೈ ನೀರು ಇನ್ನೂ ಇಳ್ದಿಲ್ವಾ?"

ರ‍್ಯಾಂಪಿನ ಕಡೆಯಿಂದ ಚಿಕ್ಕಬೈರಪ್ಪ ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಳಿದು ಬಂದರು. ಹೆಗಲ ಮೇಲೆ ಹೊಸ ಪಂಚೆ, ಕೈಯಲ್ಲಿ ಬಾಳೆ ಎಲೆಯ ಸುರುಳಿ. ಮೂಲೆ ನೋಡಿದರು. ಕನ್ನಡಕ ತೆಗೆದು, ಪಂಚೆಯಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು, ಕನ್ನಡಕದ ತಪ್ಪಿರಬಹುದು ಎಂಬ ಹಾಗೆ. "ನಮ್ಮಪ್ಪನ ಎದೆ ಮೇಲೆ ಟೀವಿ ಮಡಗಿದ್ದೀರಲ್ಲ ಸಾರ್." "ಟೀವಿ ಅಲ್ಲ, ಮಾನಿಟರು," ಎಂದ ಗುರುಸಿದ್ದ, ಅಂದ ಮೇಲೆ ತನ್ನ ಬಾಯಿಯನ್ನು ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಡ್ರಾಯಿಂಗ್ ಸೆಕ್ಷನ್ನಿನ ಚಾಳಿ ಅದು. ಕಾರ್ಖಾನೆಯ ಕೊನೆಯ ದಿನ ಮ್ಯಾನೇಜರು ಹಾರ ಹಾಕಿ, ಗುರುಸಿದ್ದಪ್ಪನವರ ಹದಿನಾರು ವರ್ಷದ ಸೇವೆ, ಎಂದಾಗ, ಹದಿನೇಳು ಸಾರ್, ಎಂದು ತಿದ್ದಿದ್ದ. ಎಲ್ಲರೂ ನಕ್ಕಿದ್ದರು. ಮ್ಯಾನೇಜರೂ ನಕ್ಕು, ಹದಿನೇಳು, ಎಂದು ತಿದ್ದಿಕೊಂಡಿದ್ದರು. ತಿದ್ದಿದ ಮೇಲೂ ಕಳಿಸಿದ್ದರು.

ಒಂದೊಂದಾಗಿ ವೈರು ಕಿತ್ತು, ಮಾನಿಟರನ್ನು ಮಗುವಿನ ಹಾಗೆ ಎತ್ತಿಕೊಂಡು ನೆಲಕ್ಕಿಳಿಸಿ, ಬೆವೆತ ಕೈಯಿಂದಲೇ ಕರಿಕಲ್ಲಿನ ಮೇಲಿನ ಧೂಳಿನ ಚೌಕಗಳನ್ನು ಒರೆಸಲು ಹೋದಾಗ ನಾರಾಯಣಮ್ಮ, ಬುಡಿ ಸಾರ್, ನಾನ್ ಮಾಡ್ಕತೀನಿ, ಎಂದರು. ಆ 'ಬುಡಿ' ಎಂಬುದರಲ್ಲಿ, ನಿಮ್ಮ ಕೈ ತಾಗಬಾರದು ಎಂದಿತ್ತೋ, ನಿಮಗ್ಯಾಕೆ ಕಷ್ಟ ಎಂದಿತ್ತೋ ತಿಳಿಯದೆ ಅವನು ಗೋಡೆಗೆ ಒರಗಿ ನಿಂತ. ಗಂಟೆ ಹತ್ತಾಯಿತು, ಹತ್ತೂವರೆಯಾಯಿತು. ಜಗಲಿ ತೊಳೆದರು, ಅರಿಶಿನ ಕುಂಕುಮ ಇಟ್ಟರು, ಧೂಪ ಹಾಕಿದರು. ಧೂಪದ ಹೊಗೆ ಅವನು ಟೈಪು ಮಾಡಿಸಿ ಗೋಡೆಗೆ ಅಂಟಿಸಿದ್ದ 'ದಯವಿಟ್ಟು ಧೂಮಪಾನ ಮಾಡಬೇಡಿ' ಎಂಬ ಚೀಟಿಯನ್ನು ಸವರಿಕೊಂಡು ಹೋಗಿ ಟ್ಯೂಬ್‌ಲೈಟಿನ ಸುತ್ತ ಸೇರಿತು. ಪಾತ್ರೆಗಳು ಬಂದವು. ಮುಚ್ಚಳ ತೆಗೆದ ಕೂಡಲೆ ಮಟನ್ ಸಾರಿನ ಘಮ ಇಡೀ ಆಫೀಸನ್ನು, ಅವನ ವಿಸಿಟಿಂಗ್ ಕಾರ್ಡುಗಳನ್ನು, ರೋಲು ಮಾಡಿಟ್ಟ ಟ್ರೇಸಿಂಗ್ ಹಾಳೆಗಳನ್ನು ಒಂದೇ ಏಟಿಗೆ ತನ್ನದು ಮಾಡಿಕೊಂಡಿತು. ಒಗ್ಗರಣೆ ವಾಸನೆಯಂತೆ! ಒಗ್ಗರಣೆ ಇದರ ಮುಂದೆ ಅಗರಬತ್ತಿ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಗುರುಸಿದ್ದ ಬಾಯಿಯಿಂದ ಉಸಿರಾಡುತ್ತ ಲೆಕ್ಕ ಹಾಕಿದ: ಹನ್ನೊಂದೂವರೆಗೆ ಇವರು ಮುಗಿಸಿದರೆ, ಫಿನಾಯಿಲು ಹಾಕಿ, ಕಂಪ್ಯೂಟರು ಜೋಡಿಸಿ, ಹನ್ನೆರಡಕ್ಕೆ... ಎಲ್ಲಿ ಜೋಡಿಸುವುದು? ಮತ್ತೆ ಅಲ್ಲಿಗೇ ಏರಿಸುವುದೇ? ಈ ಪ್ರಶ್ನೆಗೆ ಮುಖ ಕೊಡಲಾಗದೆ ವಾಚು ನೋಡಿದ.

ಎಲೆಯ ಮೇಲೆ ಮುದ್ದೆ ಬಂತು, ಸಾರು ಬಂತು, ಕಜ್ಜಾಯ, ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ. ಚಿಕ್ಕಬೈರಪ್ಪ ಒಂದು ಬೀಡಿ ಹಚ್ಚಿ ಎಲೆಯಂಚಿಗಿಟ್ಟರು. ಬಾಟಲಿಯ ಮುಚ್ಚಳ ತಿರುವಿ ಲೋಟಕ್ಕೆ ಬಗ್ಗಿಸುವಾಗ ಅವರ ಕೈ ಅಳತೆ ತಪ್ಪಲಿಲ್ಲ. "ಈಟು ಸಾಕು ಅನ್ನೋನು," ಎಂದು ತಮಗೆ ತಾವೇ ಹೇಳಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಸತ್ತವರಿಗೆ ಎಷ್ಟು ಸಾಕು ಎಂದು ಈ ಮನುಷ್ಯನಿಗೆ ಗೊತ್ತು. ಗುರುಸಿದ್ದನ ತಂದೆ ಶಾಂತವೀರಪ್ಪ ತೀರಿಕೊಂಡು ಹನ್ನೊಂದು ವರ್ಷ. ಊರಿನಲ್ಲಿ ಅಣ್ಣ ಅಪ್ಪನ ವರ್ಷಾ, ವರ್ಷದ ಎಡೆ, ಮಾಡುತ್ತಾನೆ ಎಂದು ಇವನು ತಿಳಿದುಕೊಂಡಿದ್ದ. ಬೆಂಗಳೂರಿನಲ್ಲಿ ತಮ್ಮ ಮಾಡುತ್ತಾನೆ ಎಂದು ಅಣ್ಣ ತಿಳಿದುಕೊಂಡಿದ್ದ. ಹೋದ ವರ್ಷ ಫೋನಿನಲ್ಲಿ ಇದು ಇಬ್ಬರಿಗೂ ಗೊತ್ತಾಗಿ ಇಬ್ಬರೂ ಮಳೆಯ ಬಗ್ಗೆ ಮಾತಾಡಿದ್ದರು. ಫೋನು ಇಟ್ಟ ಮೇಲೆ ಗುರುಸಿದ್ದ ಅಣ್ಣನ ಮೇಲೆ ಸಿಟ್ಟಾಗಿದ್ದ, ಅದೇ ಸುಲಭವಿತ್ತು.

"ನಡೀರಿ ಸಾರ್, ಆಚೆಗೆ," ಎಂದರು ಚಿಕ್ಕಬೈರಪ್ಪ.

"ಯಾಕೆ?"

"ಯಾಕೆ ಅಂದ್ರೆ? ನಾವ್ ಹಿಂಗ್ ಬಾಯಿ ನೋಡ್ಕಂಡ್ ನಿಂತಿದ್ರೆ ಅವ್ರು ಎಂಗ್ ಉಣ್ತಾರೆ?"

ಶಟರು ಗರಗರ ಸದ್ದು ಮಾಡುತ್ತ ಇಳಿಯಿತು. ಮೂವರೂ ರ‍್ಯಾಂಪಿನ ಕೆಳಗೆ, ನಿಂತ ಸ್ಕೂಟರುಗಳ ನಡುವೆ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತವರ ಹಾಗೆ ನಿಂತರು. ಹನ್ನೊಂದು ನಲವತ್ತು. ತನ್ನ ಆಫೀಸಿನ ಹೊರಗೆ ತಾನೇ ವಿಸಿಟರ್. ಒಳಗೆ ತನ್ನ ಕುರ್ಚಿ ಖಾಲಿ, ಇನ್ನೊಬ್ಬರ ಊಟ ನಡೆದಿದೆ, ಇನ್ನಿಪ್ಪತ್ತು ನಿಮಿಷಕ್ಕೆ ಪ್ರಾಪರ್ ಆಫೀಸು ನೋಡಲು ಒಬ್ಬರು ಬರುತ್ತಾರೆ. ನಾಳೆ ಎಂದು ಹೇಳಬಹುದಿತ್ತು, ನಾಡಿದ್ದು ಎಂದು ಹೇಳಬಹುದಿತ್ತು. ನಾಲ್ಕು ದಿನ ಕೊಟ್ಟರೆ ನಾಲ್ಕರಲ್ಲಿ ಕೆಟ್ಟದ್ದನ್ನು ಆರಿಸುವ ಈ ಬೆರಳು ಯಾವ ಗಳಿಗೆಯಲ್ಲಿ ಹುಟ್ಟಿತೋ. ಇಂಥ ಬೆರಳೇ ಅಲ್ಲವೆ ಆ ಸ್ವಯಂ ನಿವೃತ್ತಿಯ ಕಾಗದದ ಮೇಲೆ, ಎಲ್ಲರಿಗಿಂತ ಮೊದಲು, ಸಹಿ ಹಾಕಿದ್ದು.

ಆಗ ಒಳಗೆ ಫೋನು ರಿಂಗಾಯಿತು.

ನಾರಾಯಣಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಚಿಕ್ಕಬೈರಪ್ಪ ಶಟರನ್ನೇ ನೋಡಿದರು. ಮೊಬೈಲು ಬೇಡ, ಲ್ಯಾಂಡ್‌ಲೈನಿದ್ದರೇ ಆಫೀಸಿಗೆ ತೂಕ ಎಂದು ಮೂರು ವಾರ ಅಲೆದು ಹಾಕಿಸಿಕೊಂಡ ಫೋನು ತನ್ನ ಪೂರ್ತಿ ತೂಕದೊಂದಿಗೆ ಬಾರಿಸುತ್ತಿತ್ತು. ಎಂಟು ಸಲ ಬಾರಿಸಿ ನಿಂತಿತು.

"ಮೇಡಂ ಇರಬೇಕು. ದಾರಿ ತಪ್ಪಿರ್ತಾರೆ," ಎಂದ ಗುರುಸಿದ್ದ. "ಒಂದೇ ನಿಮಿಷ, ತೆಗೆದು ಮಾತಾಡಿ ಬಂದುಬಿಡ್ತೀನಿ."

"ಉಣ್ತಾವ್ರೆ ಸಾರ್."

"ಗೊತ್ತು. ಆದ್ರೆ—"

"ನಿಮ್ ಮನೆ ದೊಡ್ಡೋರು ಎಲೆ ಮುಂದೆ ಕೂತಿದ್ರೆ ಹಿಂಗೇ ನುಗ್ತೀರಾ? ಒಂದ್ ಹತ್ ನಿಮ್ಸ ತಡ್ಕಳಿ."

ಫೋನು ಮತ್ತೆ ರಿಂಗಾಯಿತು. ಪ್ರತಿ ರಿಂಗಿಗೂ ಮೂರು ಅಪಾರ್ಟ್‌ಮೆಂಟುಗಳಲ್ಲಿ ಒಂದೊಂದು ಮಹಡಿ ಕುಸಿಯುವುದು ಅವನಿಗೆ ಕಾಣಿಸುತ್ತಿತ್ತು, ಸೆಕ್ಷನ್ ಡ್ರಾಯಿಂಗಿನಲ್ಲಿ ಕಾಣುವ ಹಾಗೆ, ಚೊಕ್ಕವಾಗಿ. ಭೀಮರಾಯನ ಅಂಗಡಿಯ ಫ್ಯಾನು ತಿರುಗುವುದು ಕೇಳಿಸಿತು. ಐದನೇ ರಿಂಗಿಗೆ ಅವನು ಬಗ್ಗಿ ಶಟರಿನ ಹಿಡಿ ಹಿಡಿದ. ಪೂರ್ತಿ ಎತ್ತುವ ಧೈರ್ಯವಿರಲಿಲ್ಲ. ಮೊಣಕಾಲಿನ ಎತ್ತರಕ್ಕೆ ಎತ್ತಿ, ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಕೈಯೂರಿ, ತನ್ನದೇ ಆಫೀಸಿನೊಳಗೆ ಕಳ್ಳಬೆಕ್ಕಿನಂತೆ ತೆವಳಿಕೊಂಡು ಹೋದ. ಹಿಂದೆ ನಾರಾಯಣಮ್ಮ, "ಅಯ್ಯೋ ಅಯ್ಯೋ," ಎಂದದ್ದು ಶಟರಿನಾಚೆ ಉಳಿಯಿತು.

"ಮಿಸ್ಟರ್ ಗುರುಸಿದ್ದ, ಏನ್ರೀ ನಿಮ್ ಏರಿಯಾ! ಎರಡೆರಡು ಏಳನೇ ಕ್ರಾಸ್ ಇದೆ. ನಾನ್ ಯಾವುದರಲ್ಲಿ ಇದೀನೋ ನನಗೇ ಗೊತ್ತಿಲ್ಲ."

"ಮೆಡಿಕಲ್ ಶಾಪ್ ಕಾಣ್ತಾ ಇದ್ಯಾ ಮೇಡಂ?" ಅವನ ದನಿ ತಾನಾಗಿ ಪಿಸುಮಾತಿಗಿಳಿದಿತ್ತು.

"ಯಾಕೆ ಇಷ್ಟ್ ಮೆತ್ತಗೆ ಮಾತಾಡ್ತಿದೀರಾ?"

"ಒಬ್ರು... ಹಿರಿಯರು ಕೂತಿದಾರೆ ಮೇಡಂ."

"ಓ, ಕ್ಲೈಂಟಾ? ಗುಡ್ ಗುಡ್. ಹತ್ತು ನಿಮಿಷದಲ್ಲಿ ಅಲ್ಲಿರ್ತೀನಿ. ನನಗೆ ಹನ್ನೆರಡೂವರೆಗೆ ಇನ್ನೊಂದ್ ಸೈಟ್ ಇದೆ, ರೆಡಿ ಇರಿ."

ರಿಸೀವರು ಇಟ್ಟ. ತೆವಳಿ ಹೊರಗೆ ಹೋಗಬೇಕಿತ್ತು, ಹೋಗಲಿಲ್ಲ. ಟ್ಯೂಬ್‌ಲೈಟು ಆರಿಸಿದ್ದರು, ಒಂದು ಎಣ್ಣೆದೀಪದ ಬೆಳಕಿನಲ್ಲಿ ಎಲೆ, ಮುದ್ದೆಯ ಮೇಲೆ ಇನ್ನೂ ಏಳುತ್ತಿದ್ದ ಹಬೆ. ಎಲೆಯಂಚಿನ ಬೀಡಿ ಯಾರೂ ಎಳೆಯದೆ ತನ್ನಷ್ಟಕ್ಕೆ ಉರಿದು ಉದ್ದ ಬೂದಿಯಾಗಿತ್ತು. ಅಸಹ್ಯವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ; ಆದದ್ದು ಹಸಿವು. ಮತ್ತು ಹಸಿವಿನ ಹಿಂದೆಯೇ, ಯಾರೂ ಕರೆಯದೆ, ಗೋಡೆಗೆ ಮುಖ ಮಾಡಿ ಊಟಕ್ಕೆ ಕೂತ ಶಾಂತವೀರಪ್ಪ. ಎಡಗೈ ಮೊಣಕಾಲಿನ ಮೇಲೆ. ರೊಟ್ಟಿಯನ್ನು ನಾಲ್ಕು ಮಾಡಿ, ಮೂರನ್ನು ಪಲ್ಯದಲ್ಲಿ ಉಂಡು, ನಾಲ್ಕನೆಯದನ್ನು ಕಡೆಗೆ ಉಪ್ಪಿಗೆ ಒತ್ತಿ ಬಾಯಿಗಿಟ್ಟು, ಅಗಿದು, ಅಗಿದು, ಖಾಲಿ ತಾಟನ್ನು ಒಂದಿಷ್ಟು ಹೊತ್ತು ನೋಡಿ ಏಳುವವರು. ಮನೆಯಲ್ಲಿ ಎಲ್ಲರ ಊಟ ಮುಗಿದು ಪಾತ್ರೆ ತೊಳೆದರೂ ಅಪ್ಪನ ತಾಟು ಇನ್ನೂ ನಡುವೆ ಇರುತ್ತಿತ್ತು. ಅವ್ವ ಅದಕ್ಕಾಗಿ ಬೈಯುತ್ತಿದ್ದಳು. ಕಡೆಯ ಸಲ ಇವನು ಊರಿಗೆ ಹೋದಾಗ ಬೆಂಗಳೂರಿನ ಬಸ್ಸಿಗೆ ಹೊತ್ತಾಗಿತ್ತು, ಸೋಮವಾರ ಎಂಟಕ್ಕೆ ಕಾರ್ಖಾನೆಯಲ್ಲಿ ಕಾರ್ಡು ಪಂಚ್ ಮಾಡಬೇಕಿತ್ತು. ಅಪ್ಪನ ತಾಟಿನಲ್ಲಿ ಎರಡು ತುಂಡು ಉಳಿದಿದ್ದವು. "ಬರ್ತೇನಪ್ಪಾ," ಎಂದು ಬೂಟು ಹಾಕಿಕೊಂಡು ಬಾಗಿಲಲ್ಲೇ ನಿಂತು ಹೇಳಿದ್ದ. ಬಾಯಿ ತುಂಬ ತುತ್ತಿದ್ದ ಅಪ್ಪ ಮಾತಾಡಲಾಗದೆ ಎಡಗೈಯನ್ನು ಮೊಣಕಾಲಿನಿಂದ ಮೇಲೆತ್ತಿದ್ದರು. ಹೋಗು ಎಂದೋ, ತಡಿ ಎಂದೋ. ಆ ಬಸ್ಸು ಸ್ಟ್ಯಾಂಡಿನಿಂದ ಅರ್ಧ ಗಂಟೆ ತಡವಾಗಿಯೇ ಹೊರಟಿತ್ತು. ಕಿಟಕಿಯ ಪಕ್ಕ ಕೂತು ಬಸ್ಸಿನವರನ್ನು ಬೈಯುತ್ತಿದ್ದ.

ಹೊರಗೆ ತೆವಳಿ ಬಂದು ಎದ್ದು ನಿಂತಾಗ ಪ್ಯಾಂಟಿನ ಮೊಣಕಾಲು ಎರಡರಲ್ಲೂ ಧೂಳಿನ ಬಿಲ್ಲೆ. ಬೈಗುಳಕ್ಕೆ ತಯಾರಾಗಿದ್ದ. ಚಿಕ್ಕಬೈರಪ್ಪ ಆ ಕಡೆ ತಿರುಗಿ ನಿಂತಿದ್ದರು. ನಾರಾಯಣಮ್ಮ ಹತ್ತಿರ ಬಂದು, ದನಿ ತಗ್ಗಿಸಿ, ಆಪರೇಷನ್ ಥಿಯೇಟರಿನಿಂದ ಹೊರಬಂದ ಡಾಕ್ಟರನ್ನು ಕೇಳುವಂತೆ ಕೇಳಿದರು:

"ಉಣ್ತಿದ್ರಾ?"

ಗುರುಸಿದ್ದನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಇವರು ಪ್ರತಿವರ್ಷ ಹೊರಗೆ ನಿಂತವರು. ಒಳಗೆ ಹೋಗಿ ನೋಡಿ ಬಂದವನು ತಾನೊಬ್ಬನೇ. ಹೌದೆಂದರೆ ತಪ್ಪಿಸಿಕೊಳ್ಳಬಹುದು, ಆಫೀಸೂ ಉಳಿಯಬಹುದು.

"ಉಣ್ತಿದ್ರು," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ವಿವರವಿಲ್ಲದ ಡ್ರಾಯಿಂಗನ್ನು ಯಾರು ನಂಬುತ್ತಾರೆ? "ಆರಾಮಾಗಿ ಉಣ್ತಿದ್ರು. ಗೋಡೆ ಕಡೆ ಮುಖ ಮಾಡಿ. ಎಡಗೈ ಹಿಂಗೆ ಮೊಣಕಾಲ್ ಮೇಲೆ ಇಟ್ಕೊಂಡು. ನಿಧಾನಕ್ಕೆ... ಅಗಿದು ಅಗಿದು."

ಚಿಕ್ಕಬೈರಪ್ಪ ತಿರುಗಿದರು.

"ನಮ್ಮಪ್ಪ ಅಗೀತಿರ್ಲಿಲ್ಲ ಸಾರ್," ಎಂದರು. "ಮುದ್ದೆ ಅಗೀತಾರಾ ಯಾರಾದ್ರೂವೆ? ನಾಕ್ ಕಿತ ಗುಳುಂ ಗುಳುಂ ಅಂತ ನುಂಗಿ ಎದ್ಬುಡೋನು. ಎಡಗೈ ನೆಲಕ್ಕೂರ್ಕಂಡು ಕೂರೋನು. ನೀವ್ ನೋಡಿದ್ದು ಯಾರ್ನ?"

ಸುಳ್ಳು ಹೇಳಲು ಇನ್ನೂ ಜಾಗವಿತ್ತು. ಕತ್ತಲಿತ್ತು, ಸರಿಯಾಗಿ ಕಾಣಲಿಲ್ಲ ಎನ್ನಬಹುದಿತ್ತು. ಆದರೆ ಹತ್ತೊಂಬತ್ತು ವರ್ಷ ಬೆಂಗಳೂರಿನ ಮಾತಿನಲ್ಲಿ ಪಳಗಿದ ನಾಲಗೆ ಒಮ್ಮೆಗೇ ಕೈಕೊಟ್ಟಿತು.

"ನಮ್ಮಪ್ಪ ರೀ," ಎಂದ.

ಯಾರೂ ನಗಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ.

"ಅವ್ರಿಗೆ ನೀವ್ ಎಡೆ ಇಕ್ಕಲ್ವಾ?" ಎಂದರು ನಾರಾಯಣಮ್ಮ.

"ಇಲ್ರಿ."

"ಏಟ್ ವರ್ಸಾಯ್ತು?"

"ಹನ್ನೊಂದು."

"ಅಯ್ಯೋ ನಿಮ್ಮ! ಹನ್ನೊಂದ್ ವರ್ಸ ಹಸ್ಕಂಡಿರೋರು ಇನ್ನೇನ್ ಮಾಡ್ತಾರೆ? ಎಲೆ ಕಂಡ್ಕಡೆ ಕೂತವ್ರೆ."

"ಅವರು ಮಟನ್ ಮುಟ್ಟೋರಲ್ರಿ."

"ಮುಟ್ಟಿಲ್ಲ ಅಂತ ನೋಡ್ಕಂಡ್ ಬಂದ್ರಾ?"

"ಮೊದ್ಲು ನಮ್ಮಪ್ಪನ ಮೇಲೆ ಟೀವಿ ಮಡಗಿದ್ರಿ," ಎಂದರು ಚಿಕ್ಕಬೈರಪ್ಪ. ಅವರ ಸಿಟ್ಟು ಈಗ ಬಂತು, ಆದರೆ ಎಲ್ಲಿ ಇಳಿಯಬೇಕೆಂದು ತಿಳಿಯದ ಬಸ್ಸಿನ ಪ್ರಯಾಣಿಕನ ಹಾಗೆ ಬಂತು. "ಈಗ ಅವನ ಎಲೆಗೆ ನಿಮ್ಮಪ್ಪನ್ನ ಕರ್ಕಂಬಂದ್ರಿ. ಅವನೋ ಮೊದ್ಲೇ ಮುಂಗೋಪಿ. ಇಬ್ರೂ ಒಳಗೆ ಏನ್ ಮಾಡ್ಕತಾವ್ರೋ ಯಾನೋ." ಸ್ವಲ್ಪ ಹೊತ್ತು ಶಟರಿನ ಕೆಳಗಿನ ಸಂದಿಯನ್ನು ನೋಡಿದರು. ಕಂಕುಳಲ್ಲಿದ್ದ ಸುರುಳಿಯಿಂದ ಒಂದು ಬಾಳೆ ಎಲೆ ಎಳೆದು ಗುರುಸಿದ್ದನ ಕೈಗೆ ಹಿಡಿಸಿದರು. "ತಗಳಿ. ಬೇರೆ ಎಲೆ ಹಾಕಿ. ನಮ್ದಕ್ಕೆ ತಾಗಿಸ್ಬೇಡಿ, ಒಂದ್ ಮೊಳ ಈಚೆಗೆ."

"ಈಗಾ? ಮೇಡಂ ಬರ್ತಾ ಇದಾರೆ..."

"ಹಂಗಾರೆ ಹೋಗಿ ಏಳಿಸ್ಕಂಡ್ ಬನ್ನಿ ಅವ್ರನ್ನ," ಎಂದರು ನಾರಾಯಣಮ್ಮ.

ಅವನು ಎಲೆ ಹಿಡಿದುಕೊಂಡು ನಿಂತ. ನಾರಾಯಣಮ್ಮ ಮೆಟ್ಟಿಲ ಬುಡಕ್ಕೆ ಹೋಗಿ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ, "ಅನ್ನಪೂರ್ಣಮ್ಮೋ, ಏನ್ ಅಡಿಗೆ ಮಾಡಿದ್ದೀಯವ್ವ? ನಿಮ್ ಮಾವ ಬಂದವ್ರೆ, ತಗಂಬಾ," ಎಂದು ಕೂಗಿದರು. ಅನ್ನಪೂರ್ಣ ಏನೆಂದು ಮರುಪ್ರಶ್ನೆ ಹಾಕದೆ ಬಂದದ್ದೇ ಗುರುಸಿದ್ದನಿಗೆ ದೊಡ್ಡ ಆಶ್ಚರ್ಯ. ತಾಟಿನಲ್ಲಿ ಎರಡು ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಹಸಿಮೆಣಸಿನಕಾಯಿ, ಒಂದು ಚಿಟಿಕೆ ಉಪ್ಪು. ಶಟರು ಅರ್ಧ ಎತ್ತಿದರು. ಅವನು ಬೂಟು ಬಿಚ್ಚಿ ಒಳಗೆ ಹೋಗಿ, ಒಂದು ಮೊಳ ಅಳೆದು, ಎಲೆ ಹಾಕಿದ, ಅವಳು ಬಡಿಸಿದಳು. ರೊಟ್ಟಿಯನ್ನು ಅವನೇ ನಾಲ್ಕು ತುಂಡು ಮಾಡಿ ಇಟ್ಟ. ಪಕ್ಕದ ಎಲೆಯ ಬ್ರಾಂದಿಗೂ ಈ ಎಲೆಯ ಉಪ್ಪಿಗೂ ನಡುವೆ ಕರಿಕಲ್ಲಿನ ಮೊಳದಷ್ಟು ಗಡಿ. ಅನ್ನಪೂರ್ಣ ಎಲೆ ನೋಡಿ, ಸೊಂಟಕ್ಕೆ ಕೈಯಿಟ್ಟುಕೊಂಡು, "ಮೊಸರ ಮರ್ತೆ ನೋಡ್ರಿ. ಮೊಸರ ಇಲ್ಲಂದ್ರ ಮಾವಾರು ಎಲೀ ಮುಂದಿಂದ ಏಳ್ತಿದ್ದಿಲ್ಲ," ಎಂದವಳೇ ಮೂವತ್ತೊಂಬತ್ತು ಮೆಟ್ಟಿಲು ಹತ್ತಲು ಹೊರಟಳು. "ಏ, ಮೊಸರು ಇರಲಿ ಬಿಡಽ, ಹೊತ್ತಾತು," ಎಂದ ಇವನು. ಅವಳು ಆಗಲೇ ಮೊದಲ ತಿರುವು ದಾಟಿದ್ದಳು.

ಅವಳು ಮೊಸರಿನ ಬಟ್ಟಲು ಹಿಡಿದು ಏದುಸಿರು ಬಿಡುತ್ತ ಇಳಿಯುವುದಕ್ಕೂ ರ‍್ಯಾಂಪಿನ ತುದಿಯಲ್ಲಿ ಒಂದು ಬೆಳ್ಳನೆಯ ಕಾರು ಹಾರನ್ ಹೊಡೆಯುವುದಕ್ಕೂ ಸರಿಹೋಯಿತು. ಹನ್ನೆರಡಾಗಿ ಎರಡು ನಿಮಿಷ. ಶಟರು ಅರ್ಧ ತೆರೆದಿದೆ. ಈಗ ಪೂರ್ತಿ ಎತ್ತಿ, ಲೈಟು ಹಾಕಿ, ಎರಡೂ ಎಲೆಗಳನ್ನು ಮುದುರಿ ಹಿಂದಕ್ಕೆ ಸರಿಸಿ, ಬನ್ನಿ ಮೇಡಂ ಎನ್ನಬಹುದು. ಚಿಕ್ಕಬೈರಪ್ಪ ಏನೂ ಅನ್ನುವುದಿಲ್ಲ. ಅವರ ತಂದೆಯದು ನಾಲ್ಕು ತುತ್ತು, ಇಷ್ಟು ಹೊತ್ತಿಗೆ ಕೈ ತೊಳೆದಿರುತ್ತಾರೆ. ಚಿಕ್ಕಬೈರಪ್ಪ ಬೇರೆ ಕಡೆ ನೋಡುತ್ತ ನಿಂತಿದ್ದರು, ಇದು ಇನ್ನು ನಿಮ್ಮ ಮನೆಯ ವಿಚಾರ ಎನ್ನುವಂತೆ. ಅನ್ನಪೂರ್ಣ ಮೊಸರು ಬಡಿಸಿ, ಸೆರಗು ಸರಿಮಾಡಿಕೊಂಡು, ಬಗ್ಗಿ ಹೊರಗೆ ಬಂದಳು. ಗುರುಸಿದ್ದ ಶಟರಿನ ಹಿಡಿಗೆ ಕೈ ಹಾಕಿ ನಿಂತ. ಹಿಡಿ ಬೆವರಿಗೆ ಜಾರುತ್ತಿತ್ತು. ಆಮೇಲೆ ತನ್ನ ಭಾರವನ್ನೆಲ್ಲ ಹಾಕಿ ಅದನ್ನು ಕೆಳಗೆಳೆದ, ನೆಲಕ್ಕೆ ತಾಗುವ ತನಕ.

ಮೇಡಂ ಸೀರೆಯ ನೆರಿಗೆ ಹಿಡಿದು ರ‍್ಯಾಂಪು ಇಳಿದು ಬಂದರು. ಬರಿಗಾಲಲ್ಲಿ, ಮೊಣಕಾಲಿಗೆ ಧೂಳು ಮೆತ್ತಿಕೊಂಡು ನಿಂತ ಅವನನ್ನು, ಅವನ ಹಿಂದಿನ ಶಟರನ್ನು, ಗೋಡೆಯ ಪಕ್ಕ ಸಾಲಾಗಿ ನಿಂತ ಮೂವರನ್ನು ನೋಡಿದರು. ಮೂಗು ಸ್ವಲ್ಪ ಅರಳಿತು.

"ಮಿಸ್ಟರ್ ಗುರುಸಿದ್ದ? ಇದೇನಾ ಆಫೀಸು? ಕ್ಲೋಸ್ ಆಗಿದೆ?"

"ಆಫೀಸೇ ಮೇಡಂ. ಸ್ವಲ್ಪ ಹೊತ್ತು ಕಾಯಬೇಕಾಗತ್ತೆ. ಒಳಗೆ ನಮ್ಮಪ್ಪ ಊಟಕ್ಕೆ ಕೂತಿದಾರೆ."

ಆಕೆ ವಾಚು ನೋಡಿಕೊಂಡರು. "ನಾನ್ ಹೇಳಿದ್ನಲ್ಲ, ನನಗೆ ಇನ್ನೊಂದ್ ಸೈಟ್ ಇದೆ. ಬೇಗ ಮುಗಿಸ್ತಾರಾ?"

ಗುರುಸಿದ್ದ ಶಟರಿಗೆ ಬೆನ್ನು ಕೊಟ್ಟು ನಿಂತಿದ್ದ. ತಗಡು ಬೆಚ್ಚಗಿತ್ತು.

"ಇಲ್ಲ ಮೇಡಂ," ಎಂದ. "ಭಾಳ ನಿಧಾನ ಉಣ್ಣೋರು."